ಲಯಾಧಾರಿತ ವಿಡಿಯೊ ಆಟಗಳಲ್ಲಿ ಡ್ರಮ್ ವಾದನ

ಲಯಾಧಾರಿತ ವಿಡಿಯೊ ಆಟಗಳಲ್ಲಿ ಡ್ರಮ್ ವಾದನ ಎಂಬುದು ಪರದೆಯ ಮೇಲೆ ಸರಿದುಬರುವ ಬಣ್ಣದ ಗುರುತುಗಳನ್ನು ಅನುಸರಿಸಿ, ಹಾಡಿನ ಲಯಕ್ಕೆ ಸರಿಯಾಗಿ, ಡ್ರಮ್ ಆಕಾರದ ನಿಯಂತ್ರಕವನ್ನು ಕೋಲುಗಳಿಂದಲೂ ಪಾದದಿಂದಲೂ ಬಾರಿಸುವ ಆಟದ ಒಂದು ಪ್ರಕಾರ. ಡ್ರಮ್‌ಮೇನಿಯಾ, ತೈಕೋ ನೋ ತತ್ಸುಜಿನ್, ರಾಕ್ ಬ್ಯಾಂಡ್ ಹಾಗೂ ಗಿಟಾರ್ ಹೀರೋ ವರ್ಲ್ಡ್ ಟೂರ್ ಈ ಪ್ರಕಾರದ ಪ್ರಸಿದ್ಧ ಆಟಗಳು. ಗಿಟಾರ್ ಆಕಾರದ ನಿಯಂತ್ರಕದ ಗುಂಡಿಗಳನ್ನು ಒತ್ತುವುದಕ್ಕೂ ನಿಜವಾದ ಗಿಟಾರ್ ನುಡಿಸುವುದಕ್ಕೂ ಬಹಳ ಅಂತರವಿದೆ. ಡ್ರಮ್‌ನ ವಿಷಯದಲ್ಲಿ ಆ ಅಂತರ ಕಡಿಮೆ. ಕೈಕಾಲುಗಳ ಚಲನೆ ಬಹುಮಟ್ಟಿಗೆ ವಾದ್ಯದ ಚಲನೆಯೇ ಆಗಿರುತ್ತದೆ. ಆದುದರಿಂದ ಈ ಆಟದಲ್ಲಿ ಪ್ರಗತಿ ಸಾಧಿಸುವ ಕ್ರಮವೂ ತಾಳವಾದ್ಯವನ್ನು ಕಲಿಯುವ ಕ್ರಮವನ್ನೇ ಹೋಲುತ್ತದೆ: ಸ್ಥಿರವಾದ ಲಯ, ಕೈಕಾಲುಗಳ ಪರಸ್ಪರ ಸ್ವಾತಂತ್ರ್ಯ ಮತ್ತು ನಿಧಾನಗತಿಯ ಅಭ್ಯಾಸ.

ಹಿನ್ನೆಲೆ

ಜಪಾನಿನ ಕೊನಾಮಿ ಸಂಸ್ಥೆಯು 1999ರಲ್ಲಿ ಡ್ರಮ್‌ಮೇನಿಯಾ ಎಂಬ ಆಟವನ್ನು ಆರ್ಕೇಡ್ ಯಂತ್ರದ ರೂಪದಲ್ಲಿ ಹೊರತಂದಿತು. ಇದರಲ್ಲಿ ಮೂರು ಡ್ರಮ್ ಪ್ಯಾಡ್‌ಗಳು, ಎರಡು ಸಿಂಬಲ್ ಪ್ಯಾಡ್‌ಗಳು ಮತ್ತು ಒಂದು ಪೆಡಲ್ ಇದ್ದವು. 2001ರಲ್ಲಿ ನಾಮ್ಕೋ ಸಂಸ್ಥೆಯ ತೈಕೋ ನೋ ತತ್ಸುಜಿನ್ ಬಂದಿತು. ಇದು ಜಪಾನಿನ ಸಾಂಪ್ರದಾಯಿಕ ತೈಕೋ ವಾದ್ಯವನ್ನು ಆಧರಿಸಿದ ಆಟ. ಕೆಂಪು ಗುರುತಿಗೆ ಡ್ರಮ್ಮಿನ ಮುಖವನ್ನೂ ನೀಲಿ ಗುರುತಿಗೆ ಅದರ ಅಂಚನ್ನೂ ಬಾರಿಸಬೇಕು. ದೊಡ್ಡ ಗುರುತು ಬಂದಾಗ ಎರಡೂ ಕೋಲುಗಳಿಂದ ಒಟ್ಟಿಗೆ ಬಾರಿಸಬೇಕು. ಪಾದಕ್ಕೆ ಇದರಲ್ಲಿ ಕೆಲಸವಿಲ್ಲ.

ಅಮೆರಿಕದ ಹಾರ್ಮೋನಿಕ್ಸ್ ಸಂಸ್ಥೆ ರೂಪಿಸಿದ ರಾಕ್ ಬ್ಯಾಂಡ್ 2007ರ ನವೆಂಬರ್‌ನಲ್ಲಿ ಬಿಡುಗಡೆಯಾಯಿತು. ಗಿಟಾರ್, ಬೇಸ್, ಡ್ರಮ್ ಮತ್ತು ಗಾಯನ ಸೇರಿದ ಪೂರ್ಣ ವಾದ್ಯವೃಂದವನ್ನು ಮನೆಯ ಟಿ.ವಿ.ಯ ಮುಂದೆ ತಂದ ಆಟವಿದು. ಮರುವರ್ಷ, ಅಂದರೆ 2008ರಲ್ಲಿ, ಗಿಟಾರ್ ಹೀರೋ ಸರಣಿಯೂ ವರ್ಲ್ಡ್ ಟೂರ್ ಆವೃತ್ತಿಯ ಮೂಲಕ ಡ್ರಮ್ಮನ್ನು ಸೇರಿಸಿಕೊಂಡಿತು. 2010ರ ರಾಕ್ ಬ್ಯಾಂಡ್ 3ರಲ್ಲಿ ಪ್ರೊ ಡ್ರಮ್ಸ್ ಎಂಬ ವಿಧಾನವನ್ನು ಪರಿಚಯಿಸಲಾಯಿತು. ಇದರಲ್ಲಿ ಡ್ರಮ್ಮಿನ ಗುರುತು ಬೇರೆ, ಸಿಂಬಲ್‌ನ ಗುರುತು ಬೇರೆ. ಸೂಕ್ತ ಅಡಾಪ್ಟರ್ ಇದ್ದರೆ ಎಲೆಕ್ಟ್ರಾನಿಕ್ ಡ್ರಮ್ ಕಿಟ್ಟನ್ನೇ ಆಟಕ್ಕೆ ಜೋಡಿಸಲೂ ಸಾಧ್ಯವಾಯಿತು. ಕಂಪ್ಯೂಟರಿನಲ್ಲಿ ಉಚಿತವಾಗಿ ದೊರೆಯುವ ಕ್ಲೋನ್ ಹೀರೋ ಆಟವೂ ಡ್ರಮ್ ವಾದನಕ್ಕೆ ಅವಕಾಶ ನೀಡುತ್ತದೆ.

ಪರದೆ ಮತ್ತು ಉಪಕರಣ

ರಾಕ್ ಬ್ಯಾಂಡ್‌ನ ಮೂಲ ಉಪಕರಣದಲ್ಲಿ ಎಡದಿಂದ ಬಲಕ್ಕೆ ಕೆಂಪು, ಹಳದಿ, ನೀಲಿ, ಹಸಿರು ಎಂಬ ನಾಲ್ಕು ಪ್ಯಾಡ್‌ಗಳೂ ಕೆಳಗೆ ಒಂದು ಪೆಡಲ್ಲೂ ಇರುತ್ತವೆ. ಕೆಂಪು ಸಾಮಾನ್ಯವಾಗಿ ಸ್ನೇರ್ ಡ್ರಮ್ಮಿಗೂ ಹಳದಿ ಹೆಚ್ಚಾಗಿ ಹೈ-ಹ್ಯಾಟಿಗೂ ಮೀಸಲು. ನೀಲಿ ಮತ್ತು ಹಸಿರು ಬಣ್ಣಗಳು ಸಂದರ್ಭಕ್ಕೆ ತಕ್ಕಂತೆ ಟಾಮ್ ಡ್ರಮ್ಮುಗಳನ್ನೋ ಸಿಂಬಲ್‌ಗಳನ್ನೋ ಸೂಚಿಸುತ್ತವೆ. ಪಥದ ಪೂರ್ಣ ಅಗಲಕ್ಕೆ ಚಾಚಿಕೊಂಡು ಬರುವ ಕಿತ್ತಳೆ ಬಣ್ಣದ ಪಟ್ಟಿ ಪೆಡಲ್ ತುಳಿಯಬೇಕೆಂಬುದರ ಸೂಚನೆ. ಎಡಗೈ ಬಳಸುವವರಿಗಾಗಿ ಈ ಕ್ರಮವನ್ನು ತಿರುವುಮುರುವಾಗಿಸುವ ಸೌಲಭ್ಯವಿದೆ.

ಈಸಿ, ಮೀಡಿಯಂ, ಹಾರ್ಡ್, ಎಕ್ಸ್‌ಪರ್ಟ್ ಎಂಬ ನಾಲ್ಕು ಹಂತಗಳಿವೆ. ಕೆಳಗಿನ ಹಂತಗಳಲ್ಲಿ ಮೂಲ ವಾದನದ ಹಲವು ಪೆಟ್ಟುಗಳನ್ನು ಕೈಬಿಡಲಾಗಿರುತ್ತದೆ. ಎಕ್ಸ್‌ಪರ್ಟ್ ಹಂತದಲ್ಲಿ ಧ್ವನಿಮುದ್ರಿಕೆಯಲ್ಲಿ ಡ್ರಮ್ ವಾದಕರು ಬಾರಿಸಿದ ಪೆಟ್ಟುಗಳು ಬಹುಪಾಲು ಹಾಗೆಯೇ ಬರುತ್ತವೆ. ಹೀಗಾಗಿ ಕೆಲವೊಮ್ಮೆ ಮೇಲಿನ ಹಂತದ ವಿನ್ಯಾಸವೇ ಹೆಚ್ಚು ಸಹಜವೆನಿಸುತ್ತದೆ. ಕಿವಿಗೆ ಕೇಳುವ ಪೆಟ್ಟಿಗೂ ಕೈ ಬಾರಿಸುವ ಪೆಟ್ಟಿಗೂ ಅಲ್ಲಿ ವ್ಯತ್ಯಾಸವಿರುವುದಿಲ್ಲ.

ಚಿತ್ರ ಮತ್ತು ಧ್ವನಿಯ ಹೊಂದಾಣಿಕೆ

ಆಟಗಾರರು ತಮ್ಮ ಕೈಯ ದೋಷವೆಂದು ಭಾವಿಸುವ ಎಷ್ಟೋ ತಪ್ಪುಗಳಿಗೆ ಉಪಕರಣವೇ ಕಾರಣವಾಗಿರಬಹುದು. ಇಂದಿನ ಟಿ.ವಿ.ಗಳು ಚಿತ್ರವನ್ನು ಸಂಸ್ಕರಿಸಿ ತೋರಿಸುವುದರಿಂದ ಅದು ಸ್ವಲ್ಪ ತಡವಾಗಿ ಕಾಣಿಸುತ್ತದೆ; ಧ್ವನಿವರ್ಧಕಗಳಿಂದ, ಅದರಲ್ಲೂ ತಂತಿರಹಿತವಾದವುಗಳಿಂದ, ಧ್ವನಿಯೂ ತಡವಾಗಿ ಕೇಳಿಸುತ್ತದೆ. ನಿಮಿಷಕ್ಕೆ 120 ತಾಳದ ವೇಗದಲ್ಲಿ ಸಾಗುವ ಹಾಡಿನಲ್ಲಿ ಒಂದು ತಾಳದ ಅವಧಿ ಅರ್ಧ ಸೆಕೆಂಡು. ಅದನ್ನು ನಾಲ್ಕಾಗಿ ಒಡೆದರೆ ಎರಡು ಪೆಟ್ಟುಗಳ ನಡುವೆ ಉಳಿಯುವುದು 125 ಮಿಲಿಸೆಕೆಂಡು ಮಾತ್ರ. ಚಿತ್ರವು 60 ಮಿಲಿಸೆಕೆಂಡು ತಡವಾದರೆ ಆ ಅಂತರದ ಸುಮಾರು ಅರ್ಧದಷ್ಟು ಅಲ್ಲಿಯೇ ಕಳೆದುಹೋಗುತ್ತದೆ. ಇಂಥ ಸ್ಥಿತಿಯಲ್ಲಿ ಲಯಜ್ಞಾನವುಳ್ಳ ಆಟಗಾರರೂ ತಪ್ಪುತ್ತಾರೆ.

ಇದಕ್ಕಾಗಿ ಆಟದ ಆಯ್ಕೆಗಳಲ್ಲಿ ಕ್ಯಾಲಿಬ್ರೇಷನ್ ಎಂಬ ಸೌಲಭ್ಯವಿರುತ್ತದೆ. ಮೊದಲು ಟಿ.ವಿ.ಯಲ್ಲಿ ಗೇಮ್ ಮೋಡ್ ಇದ್ದರೆ ಅದನ್ನು ಆರಿಸಿಕೊಂಡು, ಅನಂತರ ಚಿತ್ರ ಮತ್ತು ಧ್ವನಿ ಎರಡನ್ನೂ ಪ್ರತ್ಯೇಕವಾಗಿ ಹೊಂದಿಸಬೇಕು. ಟಿ.ವಿ. ಅಥವಾ ಧ್ವನಿವರ್ಧಕವನ್ನು ಬದಲಾಯಿಸಿದಾಗ ಈ ಹೊಂದಾಣಿಕೆಯನ್ನು ಮತ್ತೆ ಮಾಡಬೇಕಾಗುತ್ತದೆ. ತಿಳಿದ ಸರಳ ಹಾಡಿನಲ್ಲಿಯೂ ಎಲ್ಲ ಪೆಟ್ಟುಗಳು ಒಂದೇ ದಿಕ್ಕಿನಲ್ಲಿ, ಅಂದರೆ ಸದಾ ಮುಂಚಿತವಾಗಿ ಇಲ್ಲವೇ ಸದಾ ತಡವಾಗಿ, ತಪ್ಪುತ್ತಿದ್ದರೆ ದೋಷವು ಹೊಂದಾಣಿಕೆಯದು. ಒಮ್ಮೆ ಮುಂಚೆ, ಒಮ್ಮೆ ತಡವಾಗಿ ತಪ್ಪುತ್ತಿದ್ದರೆ ದೋಷವು ವಾದನದ್ದು.

ಆಸನ ಮತ್ತು ಕೋಲಿನ ಹಿಡಿತ

ಕೈತೋಳು ಇಲ್ಲದ, ಗಟ್ಟಿಯಾದ ಪೀಠದ ಮೇಲೆ ಬೆನ್ನು ನೇರವಾಗಿಟ್ಟು ಕುಳಿತುಕೊಳ್ಳುವುದು ಉತ್ತಮ. ತೊಡೆಯು ನೆಲಕ್ಕೆ ಸಮಾನಾಂತರವಾಗಿ ಅಥವಾ ಮಂಡಿಯ ಕಡೆಗೆ ತುಸು ಇಳಿಜಾರಾಗಿ ಇದ್ದರೆ ಪಾದವು ಸಲೀಸಾಗಿ ಆಡುತ್ತದೆ. ಮೆತ್ತನೆಯ ಸೋಫಾದಲ್ಲಿ ಕುಳಿತರೆ ಸೊಂಟ ಕುಸಿದು ಕಾಲಿನ ಚಲನೆಗೆ ಅಡ್ಡಿಯಾಗುತ್ತದೆ. ನುಣುಪಾದ ನೆಲದ ಮೇಲೆ ಪೆಡಲ್ ಜಾರದಂತೆ ದಪ್ಪನೆಯ ಚಾಪೆಯನ್ನೋ ರಬ್ಬರ್ ಹಾಳೆಯನ್ನೋ ಹಾಸಬೇಕು.

ಕೋಲನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಉಳಿದ ಬೆರಳುಗಳನ್ನು ಸಡಿಲವಾಗಿ ಸುತ್ತಬೇಕು. ಪೆಟ್ಟು ಬಿದ್ದ ಕೂಡಲೇ ಕೋಲು ತಾನಾಗಿ ಮೇಲಕ್ಕೆ ಪುಟಿಯಲು ಬಿಡುವುದೇ ಹಿಡಿತದ ಮರ್ಮ. ಭುಜದಿಂದ ಬಲವಾಗಿ ಹೊಡೆಯುವವರಿಗೆ ಬೇಗನೆ ಆಯಾಸವಾಗುತ್ತದೆ, ವೇಗವೂ ಬರುವುದಿಲ್ಲ. ಪ್ಯಾಡ್‌ಗಳು ಹಗುರವಾದ ಪೆಟ್ಟನ್ನೂ ಗುರುತಿಸುವುದರಿಂದ ಮಣಿಕಟ್ಟು ಮತ್ತು ಬೆರಳುಗಳ ಚಲನೆಯೇ ಸಾಕಾಗುತ್ತದೆ.

ಪಾದದ ಸ್ವಾತಂತ್ರ್ಯ

ಆರಂಭಿಕರಿಗೆ ಅತಿ ದೊಡ್ಡ ತೊಡಕು ಪೆಡಲ್. ಕೈ ಬಾರಿಸಿದಾಗ ಕಾಲೂ ತುಳಿಯುವುದು, ಕಾಲು ತುಳಿಯಬೇಕಾದಾಗ ಕೈ ನಿಂತುಹೋಗುವುದು ಸಾಮಾನ್ಯ. ರಾಕ್ ಸಂಗೀತದ ಮೂಲ ನಡೆಯನ್ನು ಕರಗತ ಮಾಡಿಕೊಂಡರೆ ಈ ತೊಡಕು ಬಹಳಷ್ಟು ಕಡಿಮೆಯಾಗುತ್ತದೆ. ನಾಲ್ಕು ತಾಳದ ಒಂದು ಆವರ್ತದಲ್ಲಿ ಬಲಗೈ ಹೈ-ಹ್ಯಾಟಿನ ಮೇಲೆ ಎಂಟು ಸಮಾನ ಪೆಟ್ಟುಗಳನ್ನು ಹಾಕುತ್ತದೆ. ಪಾದವು 1 ಮತ್ತು 3ನೆಯ ತಾಳಕ್ಕೆ ತುಳಿಯುತ್ತದೆ. ಎಡಗೈ 2 ಮತ್ತು 4ನೆಯ ತಾಳಕ್ಕೆ ಸ್ನೇರ್ ಬಾರಿಸುತ್ತದೆ. ಅಸಂಖ್ಯ ಹಾಡುಗಳು ಈ ಒಂದು ನಡೆಯ ರೂಪಾಂತರಗಳೇ.

ಪಾದದ ಪೆಟ್ಟುಗಳನ್ನು ಮೂರು ಬಗೆಯಾಗಿ ವಿಂಗಡಿಸಿ ಅಭ್ಯಾಸ ಮಾಡುವುದು ಅನುಕೂಲಕರ. ಕೈಯೊಂದಿಗೆ ಒಟ್ಟಿಗೆ ಬೀಳುವ ಪೆಟ್ಟು ಮೊದಲನೆಯದು. ಕೈಯ ಎರಡು ಪೆಟ್ಟುಗಳ ನಡುವೆ ಬೀಳುವುದು ಎರಡನೆಯದು. ಒಂದರ ಹಿಂದೆ ಒಂದರಂತೆ ಬೇಗಬೇಗ ಬೀಳುವ ಜೋಡಿ ಪೆಟ್ಟು ಮೂರನೆಯದು. ಮೊದಲ ಬಗೆ ಬೇಗ ಒಲಿಯುತ್ತದೆ. ಎರಡನೆಯದಕ್ಕೆ ಬಲಗೈಯ ಗತಿ ಕದಲದಂತೆ ಕಾಯ್ದುಕೊಳ್ಳಬೇಕು. ಮೂರನೆಯದರಲ್ಲಿ ಹಿಮ್ಮಡಿಯನ್ನು ತುಸು ಮೇಲೆತ್ತಿ ಮುಂಗಾಲಿನಿಂದ ತುಳಿದರೆ ಶ್ರಮ ಕಡಿಮೆ. ನಿಧಾನವಾದ ಹಾಡುಗಳಲ್ಲಿ ಹಿಮ್ಮಡಿಯನ್ನು ಪೆಡಲಿಗೆ ಊರಿಯೇ ತುಳಿಯಬಹುದು.

ಕೈಗಳ ಕ್ರಮ

ವೇಗದ ಪೆಟ್ಟುಗಳ ಸಾಲು ಬಂದಾಗ ಒಂದೇ ಕೈಯನ್ನು ಅವಲಂಬಿಸದೆ ಬಲ-ಎಡ-ಬಲ-ಎಡ ಎಂದು ಪರ್ಯಾಯವಾಗಿ ಬಾರಿಸುವುದು ಮೂಲ ನಿಯಮ. ಪ್ರತಿ ಪ್ಯಾಡಿಗೆ ನಾಲ್ಕು ನಾಲ್ಕು ಪೆಟ್ಟುಗಳಿದ್ದರೆ ಪ್ರತಿ ಬಾರಿಯೂ ಬಲಗೈಯಿಂದಲೇ ಹೊಸ ಪ್ಯಾಡ್ ಆರಂಭವಾಗುತ್ತದೆ. ಮೂರು ಮೂರು ಪೆಟ್ಟುಗಳಿದ್ದರೆ ಒಮ್ಮೆ ಬಲಗೈ, ಮತ್ತೊಮ್ಮೆ ಎಡಗೈ ಮುಂದಾಗುತ್ತದೆ. ಎಡಗೈ ಮುಂದಾಗುವ ಈ ಜಾಗದಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಇದಕ್ಕೆ ಡ್ರಮ್ ವಾದಕರು ಕಲಿಯುವ ಮೂಲಪಾಠಗಳು ನೆರವಾಗುತ್ತವೆ. ಏಕ ಪೆಟ್ಟಿನ ಸಾಲು, ಜೋಡಿ ಪೆಟ್ಟಿನ ಸಾಲು ಮತ್ತು ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ ಎಂಬ ಪ್ಯಾರಡಿಡ್ಲ್ ಇವುಗಳಲ್ಲಿ ಮುಖ್ಯವಾದವು. ಇವುಗಳಿಗೆ ಆಟದ ಉಪಕರಣವೇ ಬೇಕೆಂದಿಲ್ಲ. ಒಂದು ದಿಂಬು ಮತ್ತು ಮೆಟ್ರೊನೋಮ್ ಸಾಕು.

ರಾಕ್ ಬ್ಯಾಂಡ್‌ನ ಕೆಲವು ಹಾಡುಗಳಲ್ಲಿ ಆಟಗಾರರು ಡಿಸ್ಕೋ ಫ್ಲಿಪ್ ಎಂದು ಕರೆಯುವ ವಿನ್ಯಾಸ ಕಾಣಸಿಗುತ್ತದೆ. ಎರಡೂ ಕೈಗಳಿಂದ ಹೈ-ಹ್ಯಾಟನ್ನು ವೇಗವಾಗಿ ಬಾರಿಸುತ್ತಾ ಬಲಗೈಯಿಂದ ಸ್ನೇರ್ ಹೊಡೆಯುವ ನಡೆಗಳಲ್ಲಿ ಕೈಗಳು ಅಡ್ಡಬರದಂತೆ ಕೆಂಪು ಮತ್ತು ಹಳದಿಯ ಪಾತ್ರಗಳನ್ನು ಅದಲುಬದಲು ಮಾಡಿರಲಾಗುತ್ತದೆ. ಇದನ್ನು ತಿಳಿಯದವರಿಗೆ ಬಣ್ಣಕ್ಕೂ ಧ್ವನಿಗೂ ತಾಳೆಯಾಗದೆ ಗೊಂದಲವಾಗುವುದು ಸಹಜ.

ಅಭ್ಯಾಸದ ವಿಧಾನ

ಒಂದು ಹಾಡು ಕೈಗೂಡದಿದ್ದಾಗ ಅದನ್ನೇ ಆರಂಭದಿಂದ ಕೊನೆಯವರೆಗೆ ಮತ್ತೆ ಮತ್ತೆ ಆಡುವುದರಿಂದ ಲಾಭ ಅಲ್ಪ. ತಿಳಿದ ಭಾಗಕ್ಕೆ ಬೇಡದಷ್ಟು ಸಮಯ ಸಂದು, ಕಠಿಣ ಭಾಗಕ್ಕೆ ಕೆಲವೇ ಸೆಕೆಂಡು ದೊರೆಯುತ್ತದೆ. ತಪ್ಪು ಚಲನೆಯೇ ರೂಢಿಯಾಗುವ ಅಪಾಯವೂ ಇದೆ. ರಾಕ್ ಬ್ಯಾಂಡ್ ಮತ್ತು ಗಿಟಾರ್ ಹೀರೋ ಆಟಗಳಲ್ಲಿ ಹಾಡಿನ ಒಂದು ಭಾಗವನ್ನಷ್ಟೇ ಆರಿಸಿ, ವೇಗವನ್ನು ಇಳಿಸಿ ಆಡುವ ಅಭ್ಯಾಸ ವಿಭಾಗವಿದೆ. ರಾಕ್ ಬ್ಯಾಂಡ್ 2ರಲ್ಲಿ ಡ್ರಮ್ ನಡೆಗಳನ್ನು ಹಂತಹಂತವಾಗಿ ಕಲಿಸುವ ಪ್ರತ್ಯೇಕ ತರಬೇತಿ ವಿಭಾಗವನ್ನೂ ಸೇರಿಸಲಾಗಿದೆ. ಇಂಥ ವಿಭಾಗಗಳನ್ನು ಬಳಸುವ ಒಂದು ಕ್ರಮ ಹೀಗಿದೆ:

1. ತಪ್ಪುತ್ತಿರುವ ಜಾಗವನ್ನು ನಿಖರವಾಗಿ ಗುರುತಿಸುವುದು.
2. ತಪ್ಪಿಲ್ಲದೆ ಬಾರಿಸಬಲ್ಲಷ್ಟು ವೇಗವನ್ನು ಇಳಿಸುವುದು. 120ರ ಹಾಡು ಶೇ. 70ರ ವೇಗದಲ್ಲಿ 84 ಆಗುತ್ತದೆ.
3. ಮೊದಲು ಬಲಗೈ ಮತ್ತು ಪಾದ, ಅನಂತರ ಎರಡು ಕೈಗಳು, ಕೊನೆಗೆ ಮೂರನ್ನೂ ಕೂಡಿಸಿ ಬಾರಿಸುವುದು.
4. ಸತತವಾಗಿ ಹಲವು ಬಾರಿ ಸರಿಬಂದ ಮೇಲೆ ಮಾತ್ರ ವೇಗವನ್ನು ಸ್ವಲ್ಪ ಹೆಚ್ಚಿಸುವುದು.
5. ಹಿಂದಿನ ಮತ್ತು ಮುಂದಿನ ಕೆಲವು ಆವರ್ತಗಳೊಂದಿಗೆ ಸೇರಿಸಿ ಆಡಿ, ಕೊನೆಯಲ್ಲಿ ಪೂರ್ಣ ಹಾಡಿಗೆ ಮರಳುವುದು.

ಕಠಿಣ ಲಯವನ್ನು ಬಾಯಿಯಲ್ಲಿ ಹೇಳಿಕೊಳ್ಳುವುದೂ ಪರಿಣಾಮಕಾರಿ. ಕರ್ನಾಟಕ ಸಂಗೀತದಲ್ಲಿ ಮೃದಂಗ ಕಲಿಯುವವರು ಸೊಲ್ಲುಕಟ್ಟುಗಳನ್ನು ಕೈಯಲ್ಲಿ ತಾಳ ಹಾಕುತ್ತಾ ಬಾಯಿಯಲ್ಲಿ ಹೇಳಿ, ಅನಂತರ ವಾದ್ಯದ ಮೇಲೆ ನುಡಿಸುವುದು ರೂಢಿ. ಒಂದು ತಾಳವನ್ನು ನಾಲ್ಕಾಗಿ ಒಡೆದಾಗ ‘ತಕಧಿಮಿ’ ಎಂದೂ ಮೂರಾಗಿ ಒಡೆದಾಗ ‘ತಕಿಟ’ ಎಂದೂ ಹೇಳಿಕೊಂಡರೆ ಪೆಟ್ಟು ಬೀಳಬೇಕಾದ ಜಾಗ ಸ್ಪಷ್ಟವಾಗುತ್ತದೆ. ಅಮೆರಿಕದ ಸಂಗೀತ ಶಿಕ್ಷಣದಲ್ಲಿಯೂ 1990ರ ದಶಕದಲ್ಲಿ ಇದೇ ‘ತಕಧಿಮಿ’ ಹೆಸರಿನ ಲಯಪಾಠ ಪದ್ಧತಿಯೊಂದು ರೂಪುಗೊಂಡಿತು.

ನೋಡುವುದು ಮತ್ತು ಕೇಳುವುದು

ಪರದೆಯ ತಳದಲ್ಲಿರುವ ಹೊಡೆತದ ಗೆರೆಯನ್ನೇ ದಿಟ್ಟಿಸಿದರೆ ಮುಂದೆ ಬರುವುದು ತಿಳಿಯುವುದಿಲ್ಲ. ದೃಷ್ಟಿಯು ಅದಕ್ಕಿಂತ ಸ್ವಲ್ಪ ಮೇಲಿರಬೇಕು. ಗುರುತುಗಳು ಒತ್ತೊತ್ತಾಗಿ ಬಂದಾಗ ಅವು ಸರಿಯುವ ವೇಗವನ್ನು ಹೆಚ್ಚಿಸುವ ಆಯ್ಕೆ ಉಪಯುಕ್ತ. ಹಾಡಿನ ವೇಗ ಬದಲಾಗದೆ, ಗುರುತುಗಳ ನಡುವಿನ ಅಂತರ ಮಾತ್ರ ಹಿಗ್ಗುವುದರಿಂದ ಓದುವುದು ಸುಲಭವಾಗುತ್ತದೆ. ಒಂದೊಂದು ಗುರುತನ್ನೂ ಬಿಡಿಯಾಗಿ ನೋಡುವ ಬದಲು, ಅಕ್ಷರಗಳನ್ನು ಕೂಡಿಸಿ ಪದವಾಗಿ ಓದುವಂತೆ, ಇಡೀ ನಡೆಯನ್ನು ಒಂದು ಘಟಕವಾಗಿ ಗ್ರಹಿಸುವುದು ಮುಂದಿನ ಮೆಟ್ಟಿಲು.

ಆದರೆ ಗುರುತು ಗೆರೆಯನ್ನು ಮುಟ್ಟುವುದನ್ನು ಕಂಡು ಕೈ ಎತ್ತುವವರ ಪೆಟ್ಟು ತಡವಾಗುತ್ತದೆ. ಏನು ಬಾರಿಸಬೇಕೆಂಬುದನ್ನು ಕಣ್ಣು ತಿಳಿಸುತ್ತದೆ. ಯಾವಾಗ ಬಾರಿಸಬೇಕೆಂಬುದನ್ನು ಕಿವಿಯೇ ತಿಳಿಸಬೇಕು. ಹಾಡನ್ನು ಆಟದ ಹೊರಗೆ ಹಲವು ಬಾರಿ ಕೇಳಿ, ಅದರಲ್ಲಿ ಡ್ರಮ್ಮಿನ ಧ್ವನಿಯನ್ನು ಬೇರ್ಪಡಿಸಿ ಗಮನಿಸುವ ಅಭ್ಯಾಸವು ಈ ಕಾರಣದಿಂದಲೇ ಮುಖ್ಯವಾದುದು.

ಅಂಕಗಳು

ರಾಕ್ ಬ್ಯಾಂಡ್‌ನಲ್ಲಿ ಸತತವಾಗಿ 10 ಪೆಟ್ಟುಗಳು ಸರಿಯಾದರೆ ಅಂಕ ಇಮ್ಮಡಿ, 20ಕ್ಕೆ ಮುಮ್ಮಡಿ, 30ಕ್ಕೆ ನಾಲ್ಮಡಿಯಾಗುತ್ತದೆ. ಒಂದು ಪೆಟ್ಟು ತಪ್ಪಿದರೂ, ಇಲ್ಲದ ಪೆಟ್ಟನ್ನು ಬಾರಿಸಿದರೂ ಸರಣಿ ಮುರಿಯುತ್ತದೆ. ಆದುದರಿಂದ ಗಾಬರಿಯಲ್ಲಿ ಹೆಚ್ಚು ಪೆಟ್ಟು ಹಾಕುವುದಕ್ಕಿಂತ, ತಪ್ಪಿದ ಕೂಡಲೇ ಮುಂದಿನ ಆವರ್ತದ ಮೊದಲ ತಾಳಕ್ಕೆ ಕಾದು ಸೇರಿಕೊಳ್ಳುವುದು ಮೇಲು.

ವಾದ್ಯದೊಂದಿಗಿನ ಸಂಬಂಧ ಮತ್ತು ಮಿತಿಗಳು

ಆಟದಲ್ಲಿ ಗಳಿಸಿದ ಲಯಪ್ರಜ್ಞೆ ಮತ್ತು ಕೈಕಾಲುಗಳ ಹೊಂದಾಣಿಕೆ ನಿಜವಾದ ಡ್ರಮ್ ಕಲಿಯುವವರಿಗೆ ನೆರವಾಗುತ್ತವೆ. ಆದರೆ ಕೆಲವು ವ್ಯತ್ಯಾಸಗಳನ್ನು ಅರಿತಿರಬೇಕು. ನಿಜವಾದ ಡ್ರಮ್ ಸೆಟ್ಟಿನಲ್ಲಿ ಹೈ-ಹ್ಯಾಟ್ ಸ್ನೇರ್‌ನ ಎಡಕ್ಕಿರುವುದರಿಂದ ಬಲಗೈಯನ್ನು ಎಡಗೈಯ ಮೇಲಿಂದ ದಾಟಿಸಿ ಬಾರಿಸುವುದು ವಾಡಿಕೆ. ನಾಲ್ಕು ಪ್ಯಾಡ್‌ಗಳ ಆಟದಲ್ಲಿ ಈ ದಾಟುವಿಕೆ ಇಲ್ಲ. ಎಡಪಾದದಿಂದ ಹೈ-ಹ್ಯಾಟನ್ನು ತೆರೆದು ಮುಚ್ಚುವ ಕೌಶಲ, ಪೆಟ್ಟಿನ ಮೃದುತ್ವ ಮತ್ತು ಗಡಸುತನಗಳಿಂದ ಮೂಡುವ ಭಾವ, ಸ್ವಂತ ಕಲ್ಪನೆಯ ವಾದನ ಇವುಗಳಿಗೆ ಆಟದಲ್ಲಿ ಸಾಮಾನ್ಯವಾಗಿ ಅಂಕವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಆಟದಲ್ಲಿ ಹಾಡೇ ಲಯವನ್ನು ಹಿಡಿದಿರುತ್ತದೆ. ವಾದ್ಯವೃಂದದಲ್ಲಿ ಆ ಹೊಣೆ ಡ್ರಮ್ ವಾದಕರದು. ಪರದೆಯಿಲ್ಲದೆ, ಮೆಟ್ರೊನೋಮ್‌ನೊಂದಿಗೆ ಮತ್ತು ಅದೂ ಇಲ್ಲದೆ, ಅದೇ ನಡೆಯನ್ನು ಬಾರಿಸಿ ನೋಡುವುದು ಕಲಿಕೆ ಎಷ್ಟು ನೆಲೆಗೊಂಡಿದೆ ಎಂಬುದನ್ನು ಅಳೆಯುವ ಸುಲಭ ಪರೀಕ್ಷೆ.

ಬಿಡುವಿಲ್ಲದ ಅಭ್ಯಾಸದಿಂದ ಮಣಿಕಟ್ಟು, ಮೊಣಕೈ ಮತ್ತು ಕಣಕಾಲಿಗೆ ನೋವು ಬರಬಹುದು. ಆರಂಭದಲ್ಲಿ ಕೈಕಾಲುಗಳನ್ನು ಸಡಿಲಗೊಳಿಸುವುದು, ಕೆಲವು ಹಾಡುಗಳಿಗೊಮ್ಮೆ ವಿಶ್ರಮಿಸುವುದು ಮತ್ತು ನೋವು ಕಾಣಿಸಿದಾಗ ನಿಲ್ಲಿಸುವುದು ಅಗತ್ಯ. ವಾರಕ್ಕೊಮ್ಮೆ ದೀರ್ಘಕಾಲ ಆಡುವುದಕ್ಕಿಂತ ದಿನಕ್ಕೆ ಅರ್ಧ ಗಂಟೆಯ ನಿಯಮಿತ ಅಭ್ಯಾಸ ದೇಹಕ್ಕೂ ಲಯಕ್ಕೂ ಹಿತಕರ.