ಕುಡಿತ ಬಿಟ್ಟ ಮೂರನೆಯ ರಾತ್ರಿ

ಕಾರವಾರದಿಂದ ಅಂಕೋಲೆಗೆ ಹೋಗುವ ಹೆದ್ದಾರಿಯಲ್ಲಿ, ಕಡಲ ಮಗ್ಗುಲಿಗೆ ಇರುವ ಊರು ಬಿಣಗಾ. ಅಲ್ಲಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿರಿ. ಎಷ್ಟೋ ವರ್ಷಗಳಿಂದ ದಿನವೂ ಕುಡಿಯುತ್ತಿದ್ದ ಯಜಮಾನ ದೇವರ ಮುಂದೆ ಆಣೆಯಿಟ್ಟು ಮದ್ಯವನ್ನು ತ್ಯಜಿಸಿದ್ದಾನೆ. ಮನೆಮಂದಿಗೆಲ್ಲ ಹರ್ಷ. ಮರುದಿನ ಅವನ ಕೈ ನಡುಗುತ್ತದೆ, ಮೈ ಬೆವರುತ್ತದೆ, ಊಟ ಸೇರದು. ಮೂರನೆಯ ರಾತ್ರಿ ಗೋಡೆಯ ಮೇಲೆ ಇಲ್ಲದ ಹುಳುಗಳನ್ನು ಕಂಡು ಚೀರುತ್ತಾನೆ. ಹೆಂಡತಿಯ ಗುರುತೂ ಹತ್ತದು. "ಭೂತ ಹಿಡಿದಿದೆ" ಎನ್ನುವರು ಕೆಲವರು. "ಹುಚ್ಚು! ಇಂಜೆಕ್ಷನ್ ಕೊಟ್ಟು ಮಲಗಿಸಿ" ಎನ್ನುವರು ಇನ್ನು ಕೆಲವರು.

ಇದು ಭೂತವೂ ಅಲ್ಲ, ಹುಚ್ಚೂ ಅಲ್ಲ. ಮದ್ಯ ಮಿದುಳನ್ನು ಮಂದಗೊಳಿಸುತ್ತದೆ. ದಿನವೂ ಕುಡಿಯುವವನ ಮಿದುಳು ಅದನ್ನು ಎದುರಿಸಲು ಅತಿಯಾಗಿ ಚುರುಕಾಗಿರುವುದನ್ನು ಕಲಿತಿರುತ್ತದೆ. ಮದ್ಯ ಥಟ್ಟನೆ ನಿಂತಾಗ ಆ ಚುರುಕಿಗೆ ಕಡಿವಾಣವೇ ಇಲ್ಲ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಸನ್ನಿ ಹಿಡಿಯಬಹುದು. ಚಿಕಿತ್ಸೆ ದೊರೆಯದಿದ್ದರೆ ಪ್ರಾಣಕ್ಕೂ ಅಪಾಯ.

ಮಾನಸಿಕ ರೋಗಿಗಳ ಉದ್ರೇಕವನ್ನು ತಣಿಸುವ ಔಷಧಿಗಳೇನೋ ಇವೆ. ಕ್ಲೋರ್‌ಪ್ರೊಮಜೀನ್ 1952ರಲ್ಲಿ ಫ್ರಾನ್ಸಿನಲ್ಲಿ ಬಳಕೆಗೆ ಬಂದಿತು. ಹಾಲೊಪೆರಿಡಾಲ್ 1958ರಲ್ಲಿ ಬೆಲ್ಜಿಯಮ್ಮಿನಲ್ಲಿ ಸಿದ್ಧವಾಯಿತು. ಅವು ಅಸಂಖ್ಯ ರೋಗಿಗಳಿಗೆ ವರವಾಗಿವೆ. ಆದರೆ ಕುಡಿತ ಬಿಟ್ಟವನಿಗೆ ಇವನ್ನಷ್ಟೇ ಕೊಟ್ಟರೆ ಫಿಟ್ಸ್ ಬರುವ ಸಂಭವ ಹೆಚ್ಚುತ್ತದೆ. ಅಮೆರಿಕೆಯಲ್ಲಿ 537 ರೋಗಿಗಳ ಮೇಲೆ ನಡೆಸಿ 1969ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಕ್ಲೋರ್‌ಡಯಜೆಪಾಕ್ಸೈಡ್ ಪಡೆದವರಿಗಿಂತ ಕ್ಲೋರ್‌ಪ್ರೊಮಜೀನ್ ಪಡೆದವರಲ್ಲಿ ಫಿಟ್ಸ್ ಹೆಚ್ಚಾಗಿ ಕಂಡುಬಂದಿತು. ಆದುದರಿಂದ ಮೊದಲ ಮದ್ದು ಕ್ಲೋರ್‌ಡಯಜೆಪಾಕ್ಸೈಡ್, ಡಯಜೆಪಾಮ್, ಲೊರಾಜೆಪಾಮ್‌ಗಳ ಗುಂಪಿನದು. ಭ್ರಮೆ, ಉದ್ರೇಕಗಳು ಅಷ್ಟಕ್ಕೂ ಇಳಿಯದಿದ್ದರೆ ಮಾತ್ರ ಅದರ ಜೊತೆಗೆ ಹಾಲೊಪೆರಿಡಾಲ್. ಗ್ಲೂಕೋಸ್ ಏರಿಸುವ ಮುನ್ನ ಬಿ-1 ಜೀವಸತ್ವವಾದ ಥಯಮಿನ್ ಕೊಡುವುದೂ ಅವಶ್ಯ.

ಇಂಥ ಸಂಕಟ ಒಂದೆರಡು ಮನೆಗಳದಲ್ಲ. 2020ರ ಲಾಕ್‌ಡೌನ್‌ನಲ್ಲಿ ರಾಜ್ಯದ ಮದ್ಯದಂಗಡಿಗಳು ಏಕಾಏಕಿ ಮುಚ್ಚಿದಾಗ, ಹೀಗೆ ಫಿಟ್ಸ್ ಇಲ್ಲವೆ ಸನ್ನಿಯಿಂದ ಬೆಂಗಳೂರಿನ ಆಸ್ಪತ್ರೆಗಳಿಗೆ ಬಂದವರ ಸಂಖ್ಯೆ ಏರಿತು.

ಮಾನಕ್ಕೆ ಅಂಜಿ ಕುಡಿತದ ಸಂಗತಿಯನ್ನು ವೈದ್ಯರಿಂದ ಬಚ್ಚಿಡುವವರು ಉಂಟು. ಬಚ್ಚಿಟ್ಟರೆ ವೈದ್ಯರು ಹುಚ್ಚೆಂದೇ ಭಾವಿಸಿ ಬೇರೆ ಮದ್ದು ಕೊಟ್ಟಾರು. ಕೊನೆಯ ಸಲ ಕುಡಿದುದು ಯಾವಾಗ, ದಿನಕ್ಕೆ ಎಷ್ಟು, ಹಿಂದೆ ಫಿಟ್ಸ್ ಬಂದಿತ್ತೇ, ಈ ಮೂರನ್ನು ಕೇಳುವ ಮೊದಲೇ ಹೇಳಿರಿ. ಮನೆಯಲ್ಲಿರುವ ಮಾತ್ರೆಗಳನ್ನು ನೀವಾಗಿಯೇ ನುಂಗಿಸಬೇಡಿರಿ. ಬಿಣಗಾದವರಿಗೆ ಕಾರವಾರದ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ದೂರವಲ್ಲ. ಕುಡಿತ ಬಿಡುವ ಮುನ್ನವೇ ಸಲಹೆ ಬೇಕೆಂದರೆ 14416ಕ್ಕೆ ಫೋನ್ ಮಾಡಬಹುದು. ಆಣೆ ದೇವರ ಮುಂದೆ ಇರಲಿ. ಆದರೆ ಬಿಡುವ ದಿನವನ್ನು ವೈದ್ಯರನ್ನು ಕೇಳಿ ಗೊತ್ತುಮಾಡಿರಿ.