ಹಳೆಯ ಜೀಪು ಮಾದರಿಯ ವಾಹನಗಳಲ್ಲಿ ಎಂಜಿನ್ ದೋಷ ಸಂಕೇತ: ನೋಂದಣಿ ನವೀಕರಣಕ್ಕೆ ಮುನ್ನ ಮಾಲೀಕರು ತಿಳಿಯಬೇಕಾದ ಅಂಶಗಳು

ಸಾರಿಗೆಯೇತರ ವಾಹನದ ನೋಂದಣಿಯು 15 ವರ್ಷಗಳ ಅವಧಿಗೆ ಊರ್ಜಿತವಾಗಿರುತ್ತದೆ. ತದನಂತರವೂ ವಾಹನವನ್ನು ಉಪಯೋಗಿಸಲು ಇಚ್ಛಿಸುವ ಮಾಲೀಕರು ಅವಧಿ ಮುಗಿಯುವುದಕ್ಕೆ ಮುಂಚಿನ 60 ದಿನಗಳೊಳಗೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ವಾಹನವನ್ನು ತಪಾಸಣೆಗೆ ಹಾಜರುಪಡಿಸತಕ್ಕದ್ದು. ಮಲೆನಾಡು ಹಾಗೂ ಕೊಡಗಿನ ತೋಟದ ರಸ್ತೆಗಳಲ್ಲಿ ಕೆಸರು, ಹೊಳೆ ದಾಟಿ ದುಡಿದ ವಾಹನಗಳಲ್ಲಿ ಎಂಜಿನ್ ಎಚ್ಚರಿಕೆ ದೀಪ ಉರಿಯುವುದು ಸಾಮಾನ್ಯ. ಇದರ ಕಾರಣವನ್ನು ಮುಂಚಿತವಾಗಿ ಕಂಡುಕೊಂಡಲ್ಲಿ ಅನಗತ್ಯ ವೆಚ್ಚವನ್ನೂ ಮರುತಪಾಸಣೆಯನ್ನೂ ತಪ್ಪಿಸಬಹುದಾಗಿದೆ.

1. ದೀಪದ ಪರಿಶೀಲನೆ

ಕೀಲಿ ತಿರುಗಿಸಿದೊಡನೆ ದೀಪ ಬೆಳಗಬೇಕು. ಎಂಜಿನ್ ಚಾಲನೆಗೊಂಡ ನಂತರ ಆರಬೇಕು. ಬೆಳಗದೇ ಇದ್ದಲ್ಲಿ ಬಲ್ಬು ಅಥವಾ ತಂತಿಯನ್ನು ಸರಿಪಡಿಸಬೇಕು. ಆರದೇ ಇದ್ದಲ್ಲಿ ದೋಷ ಸಂಕೇತ ದಾಖಲಾಗಿದೆ ಎಂದು ತಿಳಿಯತಕ್ಕದ್ದು. ಪೆಟ್ರೋಲ್ ವಾಹನದಲ್ಲಿ ದೀಪ ಮಿನುಗುತ್ತಿದ್ದರೆ ಸುಟ್ಟುಹೋಗದ ಇಂಧನ ಹೊರಬೀಳುತ್ತಿರುವ ಸಂಭವವಿರುವುದರಿಂದ ವಾಹನವನ್ನು ನಿಲ್ಲಿಸುವುದು ಸೂಕ್ತ.

2. ಸಂಕೇತವನ್ನು ಓದುವ ಬಗೆ

ಭಾರತ್ ಹಂತ-4 ಮಾನಕದ ನಾಲ್ಕು ಚಕ್ರದ ವಾಹನಗಳಿಗೆ ಏಪ್ರಿಲ್ 2010ರಿಂದ ಓಬಿಡಿ-1, ಏಪ್ರಿಲ್ 2013ರಿಂದ ಓಬಿಡಿ-2 ವ್ಯವಸ್ಥೆ ಕಡ್ಡಾಯವಾಯಿತು. ಇಂತಹ ವಾಹನಗಳಲ್ಲಿ ಸ್ಟಿಯರಿಂಗ್ ಸಮೀಪ ಡ್ಯಾಶ್‌ಬೋರ್ಡಿನ ಕೆಳಗಿರುವ 16 ಪಿನ್‌ಗಳ ಕನೆಕ್ಟರಿಗೆ ಸ್ಕ್ಯಾನರ್ ಜೋಡಿಸಿ ಸಂಕೇತವನ್ನು ಓದಬಹುದು. ಅದಕ್ಕೂ ಹಿಂದಿನ ಕೆಲವು ವಾಹನಗಳಿಗೆ ತಯಾರಕರ ಉಪಕರಣವೇ ಬೇಕಾಗುತ್ತದೆ.

ಸಂಕೇತದ ಮೊದಲಕ್ಷರ 'ಪಿ' ಎಂದಿದ್ದರೆ ದೋಷವು ಎಂಜಿನ್ ಅಥವಾ ಗೇರ್‌ಬಾಕ್ಸಿಗೆ ಸಂಬಂಧಿಸಿದ್ದು. ಮುಂದಿನ ಅಂಕಿ 0 ಇದ್ದರೆ ಎಲ್ಲ ತಯಾರಕರಿಗೂ ಸಮಾನವಾದುದು. 1 ಇದ್ದರೆ ತಯಾರಕರದೇ ಸಂಕೇತ.

3. ಸಂಕೇತವು ಬಿಡಿಭಾಗದ ಹೆಸರಲ್ಲ

ಉದಾಹರಣೆಗೆ, ಪಿ 0401 ಎಂದರೆ ಹೊಗೆಯ ಒಂದಂಶವನ್ನು ಎಂಜಿನ್ನಿಗೆ ಹಿಂದಿರುಗಿಸುವ ಇಜಿಆರ್ ವ್ಯವಸ್ಥೆಯಲ್ಲಿ ಹರಿವು ಸಾಲದು ಎಂದಷ್ಟೇ ಅರ್ಥ. ವಾಲ್ವಿನಲ್ಲಿ ಮಸಿ ಕಟ್ಟಿರಬಹುದು, ನಿರ್ವಾತ ಕೊಳವೆ ಬಿರುಕು ಬಿಟ್ಟಿರಬಹುದು, ಅಥವಾ ಗಾಳಿ ಅಳೆಯುವ ಸೆನ್ಸರ್ ಕೊಳೆಯಾಗಿರಬಹುದು. ಆದುದರಿಂದ ಬಿಡಿಭಾಗ ಬದಲಿಸುವ ಮುನ್ನ ಕೆಳಕಂಡ ಕ್ರಮವನ್ನು ಅನುಸರಿಸುವುದು:

(ಅ) ಸಂಕೇತವನ್ನು ಬರೆದಿಟ್ಟುಕೊಳ್ಳುವುದು.
(ಆ) ಬ್ಯಾಟರಿ ಪರೀಕ್ಷಿಸುವುದು. ಎಂಜಿನ್ ನಿಂತಿರುವಾಗ ಸುಮಾರು 12.5 ವೋಲ್ಟ್, ಚಾಲನೆಯಲ್ಲಿರುವಾಗ ಸುಮಾರು 14 ವೋಲ್ಟ್ ಇರಬೇಕು. ವೋಲ್ಟೇಜ್ ಕುಸಿದಾಗ ಇಲ್ಲದ ದೋಷಗಳೂ ದಾಖಲಾಗಬಹುದು.
(ಇ) ಚಾಸಿಗೆ ಉಜ್ಜಿ ಸವೆದ, ಇಲಿ ಕಡಿದ ತಂತಿಗಳನ್ನೂ ನೀರು ಸೇರಿ ಕಿಲುಬು ಹಿಡಿದ ಕನೆಕ್ಟರುಗಳನ್ನೂ ನೋಡುವುದು.
(ಈ) ಗಾಳಿ ಮತ್ತು ಡೀಸೆಲ್ ಫಿಲ್ಟರುಗಳನ್ನು, ರಬ್ಬರ್ ಕೊಳವೆಗಳನ್ನು ಪರಿಶೀಲಿಸುವುದು.
(ಉ) ಕೊನೆಯಲ್ಲಿ ಮಾತ್ರ ಸಂಬಂಧಿಸಿದ ಸೆನ್ಸರ್ ಅಥವಾ ವಾಲ್ವನ್ನು ಪರೀಕ್ಷಿಸುವುದು.

4. ಎಚ್ಚರಿಕೆ

ಕಾಮನ್ ರೈಲ್ ಡೀಸೆಲ್ ಎಂಜಿನ್ನಿನಲ್ಲಿ ಇಂಧನದ ಒತ್ತಡ 1,000 ಬಾರ್‌ಗೂ ಮೀರಬಹುದು. ಸೋರಿಕೆಯನ್ನು ಕೈಯಿಂದ ಮುಟ್ಟಿ ನೋಡುವುದಾಗಲಿ, ಚಾಲನೆಯಲ್ಲಿರುವಾಗ ಪೈಪು ಸಡಿಲಿಸುವುದಾಗಲಿ ಕೂಡದು. ಚರ್ಮವನ್ನು ಭೇದಿಸಿ ಒಳಸೇರುವ ಡೀಸೆಲ್ ಕೈಯನ್ನೇ ಕಳೆದುಕೊಳ್ಳುವಂತೆ ಮಾಡಬಹುದು. ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

5. ಸಂಕೇತವನ್ನು ಅಳಿಸುವುದು ದುರಸ್ತಿಯಲ್ಲ

ತಪಾಸಣೆಯ ಮುನ್ನಾದಿನ ಸ್ಕ್ಯಾನರಿನಿಂದ ಸಂಕೇತವನ್ನು ಅಳಿಸಿದರೂ ದೋಷ ಉಳಿದಿದ್ದಲ್ಲಿ ದೀಪ ಮರಳಿ ಬೆಳಗುತ್ತದೆ. ಘಟ್ಟದ ರಸ್ತೆಯಲ್ಲಿ ಎಂಜಿನ್ ತನ್ನ ಶಕ್ತಿಯನ್ನು ತಾನೇ ತಗ್ಗಿಸಿಕೊಂಡಲ್ಲಿ ಹಿಂದೆ ಬರುವವರಿಗೂ ಅಪಾಯ. ದುರಸ್ತಿಯ ನಂತರವೇ ಸಂಕೇತವನ್ನು ಅಳಿಸಿ, ಕೆಲವು ದಿನ ಓಡಿಸಿ ಖಚಿತಪಡಿಸಿಕೊಳ್ಳಬೇಕು.

6. ಸಂಕೇತ ವ್ಯವಸ್ಥೆ ಇಲ್ಲದ ವಾಹನಗಳು

ಯಾಂತ್ರಿಕ ಪಂಪಿನ ಹಳೆಯ ಜೀಪುಗಳಲ್ಲಿ ಹೊಗೆಯ ಬಣ್ಣವೇ ಸೂಚನೆ. ಕಪ್ಪು ಹೊಗೆ ಗಾಳಿಯ ಕೊರತೆ ಅಥವಾ ಹೆಚ್ಚುವರಿ ಇಂಧನವನ್ನು, ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುವುದನ್ನು ತೋರಿಸುತ್ತದೆ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಸುಡದ ಇಂಧನವನ್ನು ಅಥವಾ ಕೂಲಂಟ್ ಒಳಸೇರುವುದನ್ನು ಸೂಚಿಸುತ್ತದೆ. ಡೀಸೆಲ್ ವಾಹನದ ಹೊಗೆ ಮಿತಿಯು ಭಾರತ್ ಹಂತ-4ಕ್ಕಿಂತ ಹಿಂದಿನವುಗಳಿಗೆ 65 ಹಾರ್ಟ್ರಿಜ್ ಘಟಕ, ಹಂತ-4ರ ವಾಹನಗಳಿಗೆ 50 ಘಟಕ.

7. ತಪಾಸಣೆಗೆ ಬರುವಾಗ

ಮೂಲ ನೋಂದಣಿ ಪತ್ರ, ಚಾಲ್ತಿಯಲ್ಲಿರುವ ವಿಮೆ, ತೆರಿಗೆ ಪಾವತಿಯ ದಾಖಲೆ ಹಾಗೂ ಮಾಲಿನ್ಯ ತಪಾಸಣಾ ಪತ್ರವನ್ನು ತರತಕ್ಕದ್ದು. ಮಾಲಿನ್ಯ ತಪಾಸಣಾ ಪತ್ರದ ಅವಧಿಯು ಹಂತ-4ಕ್ಕಿಂತ ಹಿಂದಿನ ವಾಹನಗಳಿಗೆ 6 ತಿಂಗಳು ಮಾತ್ರ ಎಂಬುದನ್ನು ಗಮನಿಸುವುದು. ದುರಸ್ತಿಯ ರಸೀದಿಯನ್ನು ಇಟ್ಟುಕೊಂಡರೆ ಮುಂದೆ ಅದೇ ದೋಷ ಮರುಕಳಿಸಿದಾಗ ಮೆಕ್ಯಾನಿಕ್‌ಗೆ ನೆರವಾಗುತ್ತದೆ. ತಪಾಸಣೆಯಲ್ಲಿ ನ್ಯೂನತೆ ಕಂಡುಬಂದಲ್ಲಿ ಅದನ್ನು ಸರಿಪಡಿಸಿ ವಾಹನವನ್ನು ಪುನಃ ಹಾಜರುಪಡಿಸಬಹುದಾಗಿದೆ.