ಮಗಳು ಬೇಸ್ ಗಿಟಾರ್ ಕೇಳಿದರೆ

ಮಗಳು ಬೇಸ್ ಗಿಟಾರಿಗೆ ಹಟ ಹಿಡಿದರೆ ಗಾಬರಿಯಾಗಬೇಡಿ. ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ ಅಂತಲೂ ಅನ್ನಬೇಡಿ. ಮುಂಬಯಿಯ ಮೋಹಿನಿ ಡೇ ಇದೇ ವಾದ್ಯದಿಂದ ಹೆಸರಾದವರು. ಕಲಿಸಿದ್ದು ಅವರ ತಂದೆ.

ಮಾಮೂಲಿ ಗಿಟಾರಿಗೆ 6 ತಂತಿ, ಬೇಸ್‌ಗೆ ಸಾಮಾನ್ಯವಾಗಿ 4 ದಪ್ಪ ತಂತಿ. ಹಾಡಿನ ತಳದಲ್ಲಿ ಗುಂಯ್ ಎನ್ನುವ ಮಂದ್ರ ನಾದ ಇದರದೇ.

ಅಗ್ಗದ್ದೆಲ್ಲ ಕಳಪೆಯಲ್ಲ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗಿನಲ್ಲಿ ಕೊಂಡ ಹಾಫ್ನರ್ ಬೇಸ್‌ನ ಬೆಲೆ ಸುಮಾರು 30 ಪೌಂಡ್ ಅಷ್ಟೆ.

ಅಂಗಡಿಯಲ್ಲಿ ಹೊಳಪಿಗೆ ಮರುಳಾಗಬೇಡಿ. ವಾದ್ಯದ ಕತ್ತನ್ನು ಕಣ್ಣಿನ ನೇರಕ್ಕೆ ಹಿಡಿದು ನೋಡಿ, ತಿರುಚಿರಬಾರದು. ವೀಣೆಯಂತೆ ಇದಕ್ಕೂ ಮೆಟ್ಟಿಲುಗಳುಂಟು. ಪ್ರತಿಯೊಂದರಲ್ಲೂ ಸ್ವರ ಕರಕರ ಎನ್ನದೆ ಬರಬೇಕು. ತಂತಿ ತೀರಾ ಎತ್ತರದಲ್ಲಿದ್ದರೆ ಬೆರಳು ನೋಯುತ್ತದೆ, ಅಂಗಡಿಯವರಿಂದಲೇ ಇಳಿಸಿಕೊಳ್ಳಿ. ಸಾಮಾನ್ಯ ಬೇಸ್‌ನಲ್ಲಿ ತಂತಿಯ ಅಳತೆ 34 ಅಂಗುಲ. ಪುಟ್ಟ ಕೈಗಳಿಗೆ 30 ಅಂಗುಲದ್ದೇ ಹಿತ.

ಹಣವನ್ನೆಲ್ಲ ವಾದ್ಯಕ್ಕೇ ಸುರಿಯಬೇಡಿ. ಆಂಪ್ಲಿಫೈಯರ್ ಇಲ್ಲದಿದ್ದರೆ ಸದ್ದು ಕೋಣೆ ದಾಟದು. ಬೇಸ್‌ಗೆಂದೇ ಮಾಡಿದ ಸಣ್ಣದೊಂದು ಸಾಕು. ಹೆಡ್‌ಫೋನ್ ಸಿಕ್ಕಿಸುವಂಥದ್ದಾದರೆ ಮಾವನವರ ಮಧ್ಯಾಹ್ನದ ನಿದ್ದೆಗೂ ಭಂಗವಿಲ್ಲ, ಪಕ್ಕದ ಮನೆಯವರ ಗೊಣಗಾಟವೂ ಇಲ್ಲ.

ನುಡಿಸಿದ ಮೇಲೆ ತಂತಿಗಳನ್ನು ಒಣಬಟ್ಟೆಯಿಂದ ಒರೆಸಬೇಕು, ಬೆವರಿಗೆ ತುಕ್ಕು ಹಿಡಿಯುತ್ತದೆ. ಮಳೆಗಾಲದಲ್ಲಿ ತೇವದ ಗೋಡೆಗೆ ಒರಗಿಸಬೇಡಿ, ಬಿಸಿಲಿಗೂ ಇಡಬೇಡಿ, ಕತ್ತು ಬಾಗೀತು.

ಮೊದಮೊದಲು ಬೆರಳ ತುದಿ ಉರಿಯುತ್ತದೆ, ಮಗು ವಾದ್ಯ ಮೂಲೆಗಿಡುತ್ತದೆ. ಆಗ "ದುಡ್ಡೆಲ್ಲ ದಂಡ" ಎಂದು ಮಾತ್ರ ಅನ್ನಬೇಡಿ. ದಿನಾ ಅರ್ಧ ಗಂಟೆ ಪಕ್ಕದಲ್ಲಿ ಕೂತು ಕೇಳಿ. ಅವರೆಕಾಳು ಬಿಡಿಸುತ್ತಲೇ ಕೇಳಿದರೂ ಆದೀತು. ಕೇಳುವವರಿದ್ದರೆ ಕಲಿಯುವವರಿಗೆ ಹುರುಪು.